ಅರಳು ಮರಳೆಂದು ಕೈಬಿಡದಿರೋಣ: ಮರೆವಿನ ಹಿರಿಯರಿಗೆ ತಾಯ್ನುಡಿಯೇ ಊರುಗೋಲು

ಕೋಲ್ಕತಾ: 'ಅರವತ್ತಕ್ಕೆ ಅರಳು ಮರಳು' ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಬಂಗಾಳಿಗಳು ಇದಕ್ಕೆ 'ಭೀಮರತಿ' ಎನ್ನುತ್ತಾರೆ. ಎಪ್ಪತ್ತೇಳನೇ ವರ್ಷದ ಏಳನೇ ತಿಂಗಳ ಏಳನೇ ರಾತ್ರಿ ಮನುಷ್ಯನಿಗೊಂದು ಗಂಡಾಂತರ, ಅದನ್ನು ದಾಟಿದವರ ಬುದ್ಧಿ ಮಂಕಾಗುತ್ತದೆ ಎಂಬುದು ಅಲ್ಲಿನ ಹಳೆಯ ನಂಬಿಕೆ. ನಮ್ಮವರು ಎಪ್ಪತ್ತಕ್ಕೆ ಮಾಡಿಸುವ ಭೀಮರಥ ಶಾಂತಿಯನ್ನು ಈ ಪದ ನೆನಪಿಗೆ ತರುತ್ತದೆ. ಹೆಸರು ಯಾವುದಾದರೇನು, ಎರಡು ಭಾಷೆಯಲ್ಲೂ ಆಗುವ ಪರಿಣಾಮ ಒಂದೇ. 'ವಯಸ್ಸಾಯಿತಲ್ಲ, ಬಿಡಿ' ಎಂದು ಮನೆಯವರು ಸುಮ್ಮನಾಗುತ್ತಾರೆ. ಹಿರಿಯರು ಮೂಲೆಯ ಕುರ್ಚಿಗೆ ಸರಿಯುತ್ತಾರೆ.

ಜಾದವ್‌ಪುರದ 8ಬಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಗಳಲ್ಲಿ ಇರಬಹುದಾದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಹೆಸರು ಬೇಡ, ಏಕೆಂದರೆ ಇಂಥ ಮನೆ ಒಂದೇ ಅಲ್ಲ. ಯಜಮಾನರಿಗೆ ಎಪ್ಪತ್ತೆಂಟು. ಎಪ್ಪತ್ತರ ದಶಕದಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆ ಕಲ್ಕತ್ತಕ್ಕೆ ಬಂದವರು, ನಿವೃತ್ತಿಯ ನಂತರ ಇಲ್ಲೇ ನೆಲೆಸಿದರು. ಸೊಸೆ ಬಂಗಾಳಿ, ಮೊಮ್ಮಗಳು ಬಂಗಾಳಿ ಮತ್ತು ಇಂಗ್ಲಿಷ್ ಬಲ್ಲವಳು. ಪಾಡಾದ ಕ್ಲಬ್ಬಿನಲ್ಲಿ ದಿನವೂ ಸಂಜೆ ಕೇರಂ, ಚಹಾ, ಅಡ್ಡಾ. ಒಂದು ದಿನ ಮಿಠಾಯಿ ಅಂಗಡಿಯ ಮುಂದೆ ನಿಂತವರಿಗೆ 'ದೋಯಿ' ಎಂಬ ಪದ ಹೊಳೆಯಲಿಲ್ಲ. 'ಮೊಸರು, ಮೊಸರು' ಎಂದರು. ಅಂಗಡಿಯವನಿಗೆ ಅರ್ಥವಾಗಲಿಲ್ಲ. ಅವಮಾನವಾದಂತಾಗಿ ಬರಿಗೈಯಲ್ಲಿ ಮನೆಗೆ ಬಂದರು. ಮರುವಾರದಿಂದ ಅಡ್ಡಾಕ್ಕೆ ಹೋಗುವುದನ್ನೂ ಬಿಟ್ಟರು. ನಲವತ್ತು ವರ್ಷ ನಾಲಿಗೆಯ ತುದಿಯಲ್ಲಿದ್ದ ಬಂಗಾಳಿ ಮೆಲ್ಲನೆ ಜಾರತೊಡಗಿತ್ತು. ಬಾಲ್ಯದ ಕನ್ನಡ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಆದರೆ ಆ ಮನೆಯಲ್ಲಿ ಕನ್ನಡ ಮಾತನಾಡಲು ಉಳಿದವರು ಹೆಂಡತಿ ಒಬ್ಬರೇ.

ಹೊರನಾಡ ಕನ್ನಡಿಗರ ಇಳಿವಯಸ್ಸಿನ ಸಂಕಟ ಇರುವುದು ಇಲ್ಲೇ. ನೆನಪು ಕುಂದಿದ ಹಲವರಲ್ಲಿ ತಡವಾಗಿ ಕಲಿತ ಭಾಷೆ ಮೊದಲು ಸಡಿಲಗೊಂಡು, ಮೊದಲು ಕಲಿತದ್ದು ಹೆಚ್ಚು ಕಾಲ ಉಳಿಯುವುದನ್ನು ವೈದ್ಯರು ಗಮನಿಸಿದ್ದಾರೆ. ಎಲ್ಲರಲ್ಲೂ ಹೀಗೇ ಆಗುತ್ತದೆಂದೇನಿಲ್ಲ. ಆದರೆ ಆದಾಗ, ಪರನಾಡಿನಲ್ಲಿರುವ ಹಿರಿಯರು ಒಂದೇ ಬಾರಿಗೆ ಎರಡನ್ನು ಕಳೆದುಕೊಳ್ಳುತ್ತಾರೆ. ನೆನಪೂ ಹೋಗುತ್ತದೆ, ಮಾತಿಗೆ ಜನರೂ ಇಲ್ಲವಾಗುತ್ತಾರೆ.

ಯಾವುದು ಮರೆವು, ಯಾವುದು ಕಾಯಿಲೆ?

ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಯಾವ ವಯಸ್ಸಿನಲ್ಲೂ ಉಂಟು. ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಟ್ಟು, ಯಾರೋ ಕದ್ದರೆಂದು ಜಗಳವಾಡಿದರೆ ಯೋಚಿಸಬೇಕು. ಪರಿಚಿತರ ಹೆಸರು ತಡವಾಗಿ ಹೊಳೆಯುವುದು ವಯಸ್ಸಿನ ಲಕ್ಷಣ. ದಿನವೂ ನಡೆದ ದಾರಿಯಲ್ಲೇ ಮನೆ ಸಿಗದಿರುವುದು, ಅರ್ಧ ಗಂಟೆಯಲ್ಲಿ ಒಂದೇ ಪ್ರಶ್ನೆಯನ್ನು ಐದು ಬಾರಿ ಕೇಳುವುದು, ಜೀವಮಾನವಿಡೀ ಮಾಡಿದ ಸಾರಿಗೆ ಉಪ್ಪು-ಹುಳಿ ಯಾವಾಗ ಹಾಕಬೇಕೆಂದು ತಿಳಿಯದೆ ನಿಲ್ಲುವುದು, ಇವು ಬೇರೆ.

ಎಷ್ಟೋ ವೇಳೆ ಇದು ಮನೆಯವರಿಗಿಂತ ಮೊದಲು ಬ್ಯಾಂಕಿನ ಕೌಂಟರಿನಲ್ಲಿ ಕಾಣಿಸಿಕೊಳ್ಳುತ್ತದೆ. ಮೂವತ್ತು ವರ್ಷ ಒಂದೇ ರೀತಿ ಸಹಿ ಮಾಡಿದವರ ಸಹಿ ತಾಳೆಯಾಗುವುದಿಲ್ಲ. ನವೆಂಬರಿನಲ್ಲಿ ಪಿಂಚಣಿಯ ಜೀವನ ಪ್ರಮಾಣಪತ್ರ ಕೊಟ್ಟು ಹೋದವರು ಮರುದಿನ ಮತ್ತೆ ಅದನ್ನೇ ಕೊಡಲು ಬರುತ್ತಾರೆ. ಒಂದೇ ಎಫ್‌ಡಿಯ ಅವಧಿ ಯಾವಾಗ ಮುಗಿಯುತ್ತದೆಂದು ಮೂರು ಸಲ ಕೇಳುತ್ತಾರೆ. ಇಂಥದ್ದು ಪದೇ ಪದೇ ಆದರೆ ಮನೆಯವರು ನಗುತ್ತ ತಳ್ಳಿಹಾಕಬಾರದು.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು ರಾಷ್ಟ್ರಮಟ್ಟದ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿತು. ಪುರುಷರಿಗಿಂತ ಮಹಿಳೆಯರಲ್ಲಿ ಪ್ರಮಾಣ ಹೆಚ್ಚು. ಇದರಲ್ಲಿ ಆಲ್ಝೈಮರ್ ಒಂದು ಬಗೆ ಮಾತ್ರ. ಸಣ್ಣ ಸಣ್ಣ ಪಾರ್ಶ್ವವಾಯುಗಳಿಂದ, ಮೆದುಳಿನ ರಕ್ತನಾಳಗಳು ಕಟ್ಟಿಕೊಳ್ಳುವುದರಿಂದ ಬರುವುದು ಇನ್ನೊಂದು.

ಮೊದಲು ವೈದ್ಯರು, ಅದೂ ಕನ್ನಡದಲ್ಲಿ

ಮರೆವಿಗೆಲ್ಲ ಡಿಮೆನ್ಷಿಯಾ ಕಾರಣವಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳು, ಕಿವಿ ಮಂದವಾಗಿರುವುದು ಇವೂ ಮರೆವಿನಂತೆಯೇ ತೋರುತ್ತವೆ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಇವನ್ನು ಸರಿಪಡಿಸಿದರೆ ಹಲವರು ಮೊದಲಿನಂತಾಗುತ್ತಾರೆ. ಆದ್ದರಿಂದ ಪದಬಂಧ, ಸುಡೊಕು ಎಂದು ಕೂರುವ ಮೊದಲು ರಕ್ತಪರೀಕ್ಷೆ ಮತ್ತು ವೈದ್ಯರ ಭೇಟಿ ಆಗಬೇಕು. ಕೋಲ್ಕತಾದಲ್ಲಿ ಎಸ್‌ಎಸ್‌ಕೆಎಂ ಆಸ್ಪತ್ರೆಗೆ ಸೇರಿದ ಸರಕಾರಿ ಬಾಂಗುರ್ ನರವಿಜ್ಞಾನ ಸಂಸ್ಥೆ ಇದೆ. 1992ರಲ್ಲಿ ಕೇರಳದಲ್ಲಿ ಆರಂಭವಾದ, ಆಲ್ಝೈಮರ್ ರೋಗಿಗಳ ಕುಟುಂಬಗಳಿಗೆ ನೆರವಾಗುವ ಎಆರ್‌ಡಿಎಸ್‌ಐ ಸಂಸ್ಥೆಗೆ ಕೋಲ್ಕತಾದಲ್ಲೂ ಶಾಖೆಯಿದೆ.

ಇಲ್ಲಿ ಹೊರನಾಡಿಗರು ಗಮನಿಸಬೇಕಾದ ಅಂಶವೊಂದಿದೆ. ನೆನಪಿನ ಪರೀಕ್ಷೆ ಎಂದರೆ ಬಹುಪಾಲು ಮಾತಿನ ಪರೀಕ್ಷೆಯೇ. ವೈದ್ಯರು ಕೆಲವು ಪದ ಹೇಳಿ ಸ್ವಲ್ಪ ಹೊತ್ತಿನ ನಂತರ ಮರಳಿ ಹೇಳಿಸುತ್ತಾರೆ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೆಂದು ಎಣಿಸುತ್ತಾರೆ. ಬಂಗಾಳಿ ಜಾರುತ್ತಿರುವ ಹಿರಿಯರನ್ನು ಬಂಗಾಳಿಯಲ್ಲೇ ಪರೀಕ್ಷಿಸಿದರೆ ಅವರ ಸ್ಥಿತಿ ಇರುವುದಕ್ಕಿಂತ ಕೆಟ್ಟದಾಗಿ ಕಾಣಬಹುದು. 'ಆಡು, ಕುರಿ, ಎಮ್ಮೆ, ಕೋಣ' ಎಂದು ಸರಸರ ಹೇಳಬಲ್ಲವರು ಬಂಗಾಳಿಯಲ್ಲಿ ಎರಡಕ್ಕೇ ನಿಂತುಬಿಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷಾ ಕಟ್ಟು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಹೀಗೆ ಐದು ಭಾಷೆಗಳಲ್ಲಿದೆ. ಅದರ ವಿವರ 2020ರಲ್ಲಿ ಪ್ರಕಟವಾಯಿತು. 'ಇವರ ಮಾತೃಭಾಷೆ ಕನ್ನಡ' ಎಂದು ವೈದ್ಯರಿಗೆ ಮೊದಲೇ ತಿಳಿಸುವುದು, ಕನ್ನಡ ಬಲ್ಲವರೊಬ್ಬರನ್ನು ಜತೆಗೆ ಕರೆದೊಯ್ಯುವುದು ಮುಖ್ಯ. ಜತೆಗೆ ಹೋದವರು ಪ್ರಶ್ನೆಯನ್ನಷ್ಟೇ ಕನ್ನಡಕ್ಕೆ ತಿರುಗಿಸಬೇಕು. ಮರುಕದಿಂದ ಉತ್ತರದ ಸುಳಿವು ಕೊಟ್ಟರೆ ಪರೀಕ್ಷೆಯೇ ವ್ಯರ್ಥ.

ಎರಡು ನುಡಿಯ ಗಳಿಕೆ

ಹೊರನಾಡಿಗರಿಗೆ ಸಮಾಧಾನ ತರುವ ಸಂಗತಿಯೂ ಒಂದಿದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಮ್ಸ್ ಆಸ್ಪತ್ರೆಗೆ ಬಂದ 648 ಡಿಮೆನ್ಷಿಯಾ ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ಅಂತರ ಕಂಡುಬಂತು. ಡಾ. ಅಲ್ಲಾಡಿ ನಂತರ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದೇ ಫಲ ಕೊಟ್ಟಿಲ್ಲವೆಂಬುದನ್ನೂ ಹೇಳಬೇಕು. ಆದರೂ ಮನೆಯಲ್ಲಿ ಕನ್ನಡ ಅಥವಾ ತುಳು, ಕಚೇರಿಯಲ್ಲಿ ಇಂಗ್ಲಿಷ್, ಬಜಾರಿನಲ್ಲಿ ಬಂಗಾಳಿ, ಟ್ಯಾಕ್ಸಿಯವನೊಡನೆ ಹಿಂದಿ ಎಂದು ದಿನಕ್ಕೆ ನಾಲ್ಕು ಬಾರಿ ನಾಲಿಗೆ ಹೊರಳಿಸಿದ ಬದುಕು ಮೆದುಳಿಗೆ ಬಿಟ್ಟಿ ಕಸರತ್ತೇ ಆಗಿತ್ತೆಂದು ನಂಬಲು ಇದರಲ್ಲಿ ಆಧಾರವಿದೆ.

ಯಂತ್ರದ ಆಟವೋ, ಮನುಷ್ಯರ ಮಾತೋ?

ಮೆದುಳಿಗೆ ತರಬೇತಿ ಎಂಬುದು ಈಗ ದೊಡ್ಡ ವ್ಯಾಪಾರ. ಮೊಬೈಲಿನಲ್ಲಿ ದಿನಕ್ಕೆ ಹತ್ತು ನಿಮಿಷ ಆಡಿದರೆ ಮರೆವು ಹತ್ತಿರ ಸುಳಿಯದೆಂದು ಹೇಳುವವರಿದ್ದಾರೆ. ಇಂಥ ಜಾಹೀರಾತಿಗಾಗಿ ಅಮೆರಿಕದ ಲುಮಾಸಿಟಿ ಕಂಪೆನಿ 2016ರಲ್ಲಿ ಅಲ್ಲಿನ ವಾಣಿಜ್ಯ ಆಯೋಗಕ್ಕೆ 20 ಲಕ್ಷ ಡಾಲರ್ ತೆರಬೇಕಾಯಿತು. ಹೇಳಿಕೊಂಡದ್ದಕ್ಕೆ ತಕ್ಕ ವೈಜ್ಞಾನಿಕ ಆಧಾರ ಇಲ್ಲವೆಂಬುದು ಆಯೋಗದ ಆರೋಪವಾಗಿತ್ತು.

ಹಾಗೆಂದು ತರಬೇತಿಯೆಲ್ಲ ಸುಳ್ಳಲ್ಲ. ಅಮೆರಿಕದಲ್ಲಿ 65 ದಾಟಿದ, ಡಿಮೆನ್ಷಿಯಾ ಇಲ್ಲದ 2,832 ಮಂದಿಗೆ ನೆನಪು, ತರ್ಕ ಮತ್ತು ಗ್ರಹಿಕೆಯ ವೇಗ ಎಂಬ ಮೂರರಲ್ಲಿ ಒಂದೊಂದು ಬಗೆಯ ತರಬೇತಿಯನ್ನು ಹತ್ತು ಪಾಠಗಳಲ್ಲಿ ಕೊಟ್ಟು, ವರ್ಷಗಟ್ಟಲೆ ಗಮನಿಸಿದರು. ಹೋಲಿಕೆಗೆಂದು ಯಾವ ತರಬೇತಿಯೂ ಇಲ್ಲದ ಗುಂಪೊಂದಿತ್ತು. ಯಾವುದನ್ನು ಅಭ್ಯಾಸ ಮಾಡಿದರೋ ಅದರಲ್ಲಿ ಮಾತ್ರ ಚುರುಕಾದರು, ಉಳಿದದ್ದಕ್ಕೆ ಅದು ಹರಡಲಿಲ್ಲ. ಹತ್ತು ವರ್ಷಗಳ ನಂತರದ ಫಲಿತಾಂಶ 2014ರಲ್ಲಿ ಪ್ರಕಟವಾದಾಗ ತರ್ಕ ಮತ್ತು ವೇಗದ ಗಳಿಕೆ ಉಳಿದಿತ್ತು, ನೆನಪಿನದು ಕರಗಿಹೋಗಿತ್ತು. ಕೂಡುವ ಲೆಕ್ಕ ಮಾಡಿದವರಿಗೆ ಕೂಡುವುದು ಬರುತ್ತದೆ, ಅದರಿಂದ ಮೊಮ್ಮಗನ ಹೆಸರು ನೆನಪಾಗುವುದಿಲ್ಲ.

ಕಾಯಿಲೆ ಈಗಾಗಲೇ ಶುರುವಾದವರಿಗೆ ಹೆಚ್ಚು ಒಗ್ಗುವುದು ಇನ್ನೊಂದು ವಿಧಾನ. ಕಂಠಪಾಠ, ಪರೀಕ್ಷೆ ಯಾವುದೂ ಇಲ್ಲದೆ, ಐದರಿಂದ ಎಂಟು ಮಂದಿ ಒಟ್ಟಿಗೆ ಕುಳಿತು ಒಂದು ವಿಷಯ ಹಿಡಿದು ಮಾತನಾಡುವುದು, ಆಡುವುದು, ಹಾಡುವುದು. ಲಂಡನಿನ ಏಮಿ ಸ್ಪೆಕ್ಟರ್ ಮತ್ತು ಸಂಗಡಿಗರು ಇದನ್ನು ವ್ಯವಸ್ಥಿತಗೊಳಿಸಿ, 201 ಮಂದಿಯ ಮೇಲೆ ಪ್ರಯೋಗಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ಎರಡು ಬಾರಿ, ಸುಮಾರು ಮುಕ್ಕಾಲು ಗಂಟೆ, ಏಳು ವಾರ, ಒಟ್ಟು 14 ಕೂಟಗಳು. ಇದರಲ್ಲಿ ಪಾಲ್ಗೊಂಡವರ ಬುದ್ಧಿಯ ಚುರುಕೂ ಬದುಕಿನ ಗೆಲುವೂ ಪಾಲ್ಗೊಳ್ಳದವರಿಗಿಂತ ಉತ್ತಮಗೊಂಡವು. ಸುಧಾರಣೆ ಅಲ್ಪವೇ, ಕಾಯಿಲೆ ವಾಸಿಯಾಗುವುದಿಲ್ಲ. ಆದರೆ ಬ್ರಿಟನ್ನಿನ ಸರಕಾರಿ ವೈದ್ಯಕೀಯ ಮಾರ್ಗಸೂಚಿ, ಸೌಮ್ಯದಿಂದ ಮಧ್ಯಮ ಹಂತದ ಡಿಮೆನ್ಷಿಯಾ ಇರುವವರಿಗೆ ಇದನ್ನು ಶಿಫಾರಸು ಮಾಡುತ್ತದೆ. ಚೆನ್ನೈನ ಸ್ಕಾರ್ಫ್ ಸಂಸ್ಥೆಯವರು ಇದನ್ನು ಅಲ್ಲಿನ ಹಿರಿಯರಿಗೆ ಒಗ್ಗಿಸಿಕೊಂಡ ಬಗೆಯನ್ನು 2017ರಲ್ಲಿ ವರದಿ ಮಾಡಿದ್ದಾರೆ.

ನೆರೆಯ ತಮಿಳರಿಗೆ ಒಗ್ಗಿದ್ದು ಕನ್ನಡಿಗರಿಗೆ ಒಗ್ಗದೇ?

ಹದಿನಾಲ್ಕು ಸಂಜೆಗಳು

ಆ 14 ಕೂಟಗಳ ವಿಷಯಗಳೇನೂ ಅಪರೂಪದ್ದಲ್ಲ. ಬಾಲ್ಯ, ಊಟ-ತಿಂಡಿ, ಹಣ, ಶಬ್ದಗಳು, ಪದದಾಟ, ಸಂಖ್ಯೆಯಾಟ, ಈ ದಿನದ ಸುದ್ದಿ, ಪರಿಚಿತ ಮುಖಗಳು, ರಸಪ್ರಶ್ನೆ ಇಂಥವು. ಕನ್ನಡದಲ್ಲಿ ಇದಕ್ಕೆ ಸರಂಜಾಮು ಹುಡುಕಬೇಕಾಗಿಲ್ಲ.

ಹಣದ ಸಂಜೆಗೆ ಹಳೆಯ ನಾಣ್ಯಗಳ ಡಬ್ಬಿ ತೆರೆದರೆ ಸಾಕು. 1957ರ ಏಪ್ರಿಲ್‌ನಲ್ಲಿ ನಯೇ ಪೈಸೆ ಬರುವ ಮೊದಲು ರೂಪಾಯಿಗೆ ಹದಿನಾರಾಣೆ. ನಾಲ್ಕಾಣೆಗೆ ಏನೇನು ಬರುತ್ತಿತ್ತು ಎಂದರೆ ಸುಮ್ಮನೆ ಕುಳಿತವರೂ ಬಾಯಿ ತೆರೆಯುತ್ತಾರೆ. ಸಂಖ್ಯೆಗೆ ಮಗ್ಗಿ ಇದೆ, ಒಬ್ಬರು ಶುರುಮಾಡಿದರೆ ಇನ್ನೊಬ್ಬರು ಮುಂದುವರಿಸುವುದು. ಪದದಾಟಕ್ಕೆ ಅರ್ಧ ಹೇಳಿ ಬಿಟ್ಟ ಗಾದೆ, ಒಗಟು, ಅಂತ್ಯಾಕ್ಷರಿ ಇವೆ. ಆಟಕ್ಕೆ ಚೆನ್ನೆಮಣೆ, ಚೌಕಾಬಾರ. ಕವಡೆ ಎಸೆದು, ಮನೆ ಎಣಿಸಿ, ಎದುರಾಳಿಯ ಕಾಯಿ ಕಡಿಯುವುದರಲ್ಲಿ ಲೆಕ್ಕವೂ ಉಂಟು, ನಗುವೂ ಉಂಟು. ಊಟದ ಸಂಜೆಗೆ ಮೆಂತ್ಯ, ಇಂಗು, ಕಾಫಿಪುಡಿ, ಕರಿಬೇವುಗಳನ್ನು ಕಣ್ಣುಮುಚ್ಚಿ ಮೂಸಿ ನೋಡುವುದು. ಬೇಕಾದ್ದೆಲ್ಲ ಲೇಕ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಜೋಳದ ರೊಟ್ಟಿಯ ಕಡೆಯವರು, ಮುದ್ದೆಯ ಕಡೆಯವರು, ನೀರುದೋಸೆಯ ಕಡೆಯವರು ಒಟ್ಟಿಗೆ ಸೇರಿದರೆ ಚರ್ಚೆ ತಾನಾಗಿಯೇ ಕಾವೇರುತ್ತದೆ.

ಕಲ್ಕತ್ತದ ಬದುಕೂ ಬೇಕು. 1984ರಲ್ಲಿ ದೇಶದ ಮೊದಲ ಮೆಟ್ರೊ ಓಡಿದ ದಿನಗಳು, ಟ್ರಾಮಿನ ಗಂಟೆಯ ಸದ್ದು, ಜಾದವ್‌ಪುರದ ಸುಲೇಖಾ ಸರ್ಕಲಿಗೆ ಹೆಸರು ಕೊಟ್ಟ ಶಾಯಿಯ ಕಾರ್ಖಾನೆ. 1934ರಲ್ಲಿ ಸ್ವದೇಶಿ ಹುಮ್ಮಸ್ಸಿನಲ್ಲಿ ಹುಟ್ಟಿದ ಆ ಸುಲೇಖಾ ಶಾಯಿಯನ್ನು ಪೆನ್ನಿಗೆ ತುಂಬಿ ಲೆಡ್ಜರ್ ಬರೆದ ಬೆರಳುಗಳು ಇನ್ನೂ ನಮ್ಮ ನಡುವೆ ಇವೆ. ಶಾಯಿಯ ಬಾಟಲಿಯೊಂದನ್ನು ಕೈಗಿತ್ತರೆ ಆ ಬೆರಳುಗಳಿಗೆ ತಾವೇನು ಮಾಡುತ್ತಿದ್ದೆವೆಂದು ನೆನಪಾಗಬಹುದು.

ಈ ವಿಧಾನದಲ್ಲಿ ಮರೆಯಬಾರದ ನಿಯಮವೊಂದಿದೆ. ಸರಿ-ತಪ್ಪಿನ ಪ್ರಶ್ನೆ ಕೇಳಬಾರದು, ಅಭಿಪ್ರಾಯ ಕೇಳಬೇಕು. 'ರಾಯರೇ, ಬಂಗಾರದ ಮನುಷ್ಯ ಯಾವ ವರ್ಷ ಬಂತು, ಹೇಳಿ ನೋಡೋಣ' ಎಂದರೆ ಉತ್ತರ ಹೊಳೆಯದೆ ರಾಯರು ತಲೆ ತಗ್ಗಿಸುತ್ತಾರೆ. 'ರಾಯರೇ, ರಾಜ್‌ಕುಮಾರ್ ಸಿನಿಮಾಗಳಲ್ಲಿ ನಿಮಗೆ ಯಾವುದು ಇಷ್ಟ?' ಎಂದರೆ ಯಾವ ಉತ್ತರವೂ ತಪ್ಪಲ್ಲ. 'ನಾನು ಯಾರು ಗುರುತು ಸಿಕ್ಕಿತೇ?' ಎಂದು ಹಿರಿಯರನ್ನು ಪರೀಕ್ಷಿಸುವುದು ನಮ್ಮ ಸಮಾರಂಭಗಳಲ್ಲಿ ತೀರಾ ಸಾಮಾನ್ಯ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಗುರುತು ಸಿಗದವರಿಗೆ ಅದು ಚುಚ್ಚುತ್ತದೆ. 'ನಾನು ಇಂಥವರ ಮಗ, ಮಾಮ, ನಮಸ್ಕಾರ' ಎಂದರೆ ಅವರ ಮರ್ಯಾದೆ ಉಳಿಯುತ್ತದೆ.

ಮನೆಯೊಳಗೆ

ಉಳಿದ ದಿನಗಳ ಜವಾಬ್ದಾರಿ ಮನೆಯವರದು. ದಿನ, ತಿಥಿ ತೋರಿಸುವ ದೊಡ್ಡ ಕ್ಯಾಲೆಂಡರು, ದೊಡ್ಡ ಅಂಕಿಯ ಗಡಿಯಾರ ಕಣ್ಣಿಗೆ ಬೀಳುವಂತಿರಲಿ. ಬಚ್ಚಲಮನೆ, ಔಷಧದ ಡಬ್ಬಿಗಳ ಮೇಲೆ ಕನ್ನಡದಲ್ಲೇ ದಪ್ಪಕ್ಷರದ ಚೀಟಿ ಅಂಟಿಸಬಹುದು. ಬೀಗದ ಕೈಗೆ ಒಂದೇ ಮೊಳೆ, ಕನ್ನಡಕಕ್ಕೆ ಒಂದೇ ತಟ್ಟೆ. ಅವರೆಕಾಳು ಸುಲಿಯುವುದು, ಬಟ್ಟೆ ಮಡಿಸುವುದು, ದೇವರ ದೀಪಕ್ಕೆ ಬತ್ತಿ ಹೊಸೆಯುವುದು ಇಂಥ ಕೆಲಸಗಳನ್ನು ಅವರಿಂದ ಕಿತ್ತುಕೊಳ್ಳಬಾರದು. ಮಾಡಬಲ್ಲ ಕೆಲಸವನ್ನು ಬಿಡಿಸಿದಷ್ಟೂ ಅದು ಬೇಗ ಮರೆತುಹೋಗುತ್ತದೆ. ಬಂಗಾಳಿ ಸೊಸೆ ಹತ್ತು ಕನ್ನಡ ಪದ ಕಲಿತರೆ, ಮೊಮ್ಮಗಳು 'ತಾತಾ, ಮೊಸರು ಬೇಕಾ?' ಎಂದರೆ, ಮಾತಿನ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ದೇಹವನ್ನು ಬಿಟ್ಟು ಮೆದುಳನ್ನಷ್ಟೇ ನೋಡಿಕೊಂಡರೆ ಸಾಲದು. ಫಿನ್ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಮಂದಿಯನ್ನು ಎರಡು ವರ್ಷ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪಥ್ಯ, ವ್ಯಾಯಾಮ, ಬುದ್ಧಿಯ ಅಭ್ಯಾಸ ಮತ್ತು ರಕ್ತದೊತ್ತಡವೇ ಮೊದಲಾದವುಗಳ ನಿಗಾ ಒಟ್ಟಿಗೆ ನಡೆದಾಗ ಬುದ್ಧಿಶಕ್ತಿಗೆ ಅನುಕೂಲವಾದದ್ದು ಕಂಡುಬಂತು. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಕಾರಣಗಳನ್ನು ಪಟ್ಟಿ ಮಾಡಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಕಿವಿ ಮತ್ತು ಕಣ್ಣಿನ ಮಂದತೆ, ಖಿನ್ನತೆ, ಒಂಟಿತನ ಅದರಲ್ಲಿವೆ. ಈ ಹದಿನಾಲ್ಕನ್ನೂ ನಿವಾರಿಸಿದರೆ ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದೆಂಬುದು ಆಯೋಗದ ಅಂದಾಜು. ಕಿವಿಗೆ ಯಂತ್ರ, ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ, ಮುಂಜಾನೆ ರವೀಂದ್ರ ಸರೋವರದ ದಂಡೆಯಲ್ಲಿ ನಡಿಗೆ ಇವೂ ನೆನಪಿನ ಆರೈಕೆಯೇ.

ನೋಡಿಕೊಳ್ಳುವವರ ಬಳಲಿಕೆಯನ್ನೂ ಕಡೆಗಣಿಸುವಂತಿಲ್ಲ. ಹಗಲು-ರಾತ್ರಿ ಒಂದೇ ಪ್ರಶ್ನೆಗೆ ಉತ್ತರಿಸುವ ಹೆಂಡತಿ ಒಮ್ಮೆ ರೇಗಿದರೆ ಅದು ಆಕೆಯ ತಪ್ಪಲ್ಲ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ (14416) ಕನ್ನಡದಲ್ಲೂ ಕರೆ ಮಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567.

ಶಾಲು ಹೊದಿಸಿದ ಮೇಲೆ

ಹೊರನಾಡಿನ ಯಾವ ಕನ್ನಡ ಸಂಘವೂ ಹಿರಿಯರನ್ನು ಮರೆತಿಲ್ಲ. ರಾಜ್ಯೋತ್ಸವ ಬಂತೆಂದರೆ ಅವರನ್ನು ವೇದಿಕೆಗೆ ಕರೆದು ಶಾಲು, ಹಾರ, ಫಲ-ತಾಂಬೂಲವಿತ್ತು ಸನ್ಮಾನಿಸುವುದು ನಡೆದೇ ಇದೆ. ಇದು ಶ್ಲಾಘನೀಯ. ಆದರೆ ಫೋಟೊ ತೆಗೆದಾದ ಮೇಲೆ ಆ ಹಿರಿಯರು ಮುಂದಿನ ಸಾಲಿನ ಕುರ್ಚಿಯಲ್ಲಿ ಶಾಲು ಹೊದ್ದು ಒಬ್ಬರೇ ಕುಳಿತಿರುತ್ತಾರೆ. ಮುಂದಿನ ನವೆಂಬರ್‌ವರೆಗೆ ಅವರೊಡನೆ ಕನ್ನಡದಲ್ಲಿ ಮಾತನಾಡುವವರು ಯಾರು?

ಖರ್ಚಿನ ಲೆಕ್ಕ ಹಾಕಿದರೂ ಇದು ಭಾರವಲ್ಲ. ಒಂದು ಕೋಣೆ, ಎಂಟು ಕುರ್ಚಿ, ಚಹಾ-ಬಿಸ್ಕತ್ತು, ಕರೆತಂದು ಬಿಡಲು ಆಟೋ ಬಾಡಿಗೆ, ಇಬ್ಬರು ಸ್ವಯಂಸೇವಕರು. ಕೋಣೆ ಇಲ್ಲದಿದ್ದರೆ ಸರದಿಯ ಮೇಲೆ ಸದಸ್ಯರ ಮನೆ. ಆರಂಭಕ್ಕೆ ಮೊದಲು ವೈದ್ಯರೊಬ್ಬರ ಅಥವಾ ತರಬೇತಿ ಪಡೆದ ಮನೋವಿಜ್ಞಾನಿಯೊಬ್ಬರ ಸಲಹೆ ಪಡೆದರೆ ಕ್ಷೇಮ. ಹದಿನಾಲ್ಕು ಕೂಟ ಆಗದಿದ್ದರೆ ವಾರಕ್ಕೊಂದಾದರೂ ಆಗಲಿ. ಅದೂ ಆಗದ ಊರುಗಳಲ್ಲಿ ಸಂಘದ ಯುವಕರು ಗೊತ್ತಾದ ಹೊತ್ತಿಗೆ ಒಂದು ದೂರವಾಣಿ ಕರೆ ಮಾಡಿ ಹತ್ತು ನಿಮಿಷ ಕನ್ನಡದಲ್ಲಿ ಮಾತನಾಡಿದರೂ ಸಾಕು. ಮಹಿಳಾ ವಿಭಾಗ, ಯುವ ವಿಭಾಗ ಇರುವ ಸಂಘಗಳಲ್ಲಿ ನೆನಪಿನ ವಿಭಾಗವೊಂದು ಇರಬಾರದೇಕೆ ಎಂದು ಮುಂದಿನ ವಾರ್ಷಿಕ ಸಭೆಯಲ್ಲಿ ಯಾರಾದರೂ ಕೇಳಬೇಕಾಗಿದೆ.

ಮೊಸರು ತರಲು ಹೋಗಿ ಬರಿಗೈಯಲ್ಲಿ ಬಂದ ಆ ಹಿರಿಯರಿಗೆ ಬಂಗಾಳಿ ಮರಳಿ ಬರದೇ ಇರಬಹುದು. ಕಾಯಿಲೆ ನಿಲ್ಲದೆಯೂ ಇರಬಹುದು. ಆದರೆ ಮಂಗಳವಾರ ಸಂಜೆ ನಾಲ್ಕಕ್ಕೆ ಯಾರೋ ಬಾಗಿಲು ತಟ್ಟಿ, 'ಬನ್ನಿ ರಾಯರೇ, ಚೌಕಾಬಾರಕ್ಕೆ ಒಂದು ಕೈ ಕಡಿಮೆ ಇದೆ' ಎಂದು ಕರೆದರೆ ಅವರು ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಹಾಗೆ ಕರೆಯಲು ಕನ್ನಡ ಬಲ್ಲವರೊಬ್ಬರು ಬೇಕು, ಅಷ್ಟೇ.